19 ಗೆದ್ದವರು ಹೊರಗೆ, 13 ಗೆದ್ದವರು ಒಳಗೆ: ಸ್ಕಾಟ್ಲೆಂಡಿನ ಕೌನ್ಸಿಲ್ ಫಲಿತಾಂಶವನ್ನು ಓದುವುದು ಹೇಗೆ?

ಮಾರ್ಚ್‌ಮಂಟ್ ಬಾಡಿಗೆದಾರ:

ಎಲ್ಲರಿಗೂ ನಮಸ್ಕಾರ. ಓದಿಗೆಂದು ಎಡಿನ್‌ಬರ್ಗ್‌ಗೆ ಬಂದಿರುವ ವಿದ್ಯಾರ್ಥಿ ನಾನು. ಮೊನ್ನೆ ಊಟದ ಹೊತ್ತಿನಲ್ಲಿ ಈ ನಗರದ ಕೌನ್ಸಿಲ್ ಯಾರ ಕೈಯಲ್ಲಿದೆ ಎಂಬ ಮಾತು ಬಂದಾಗ, ಜೊತೆಯಲ್ಲಿರುವ ಸ್ಕಾಟ್ ಹುಡುಗ ‘ಲೇಬರ್’ ಎಂದ. ರಾತ್ರಿ ಕುತೂಹಲಕ್ಕೆ 2022ರ ಮೇ 5ರ ಚುನಾವಣೆಯ ಫಲಿತಾಂಶವನ್ನು ತೆಗೆದು ನೋಡಿದೆ. ಒಟ್ಟು 63 ಸ್ಥಾನಗಳಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ, ಅಂದರೆ ಎಸ್‌ಎನ್‌ಪಿಗೆ 19, ಲೇಬರ್‌ಗೆ 13, ಲಿಬರಲ್ ಡೆಮಾಕ್ರಾಟರಿಗೆ 12, ಗ್ರೀನ್ ಪಕ್ಷಕ್ಕೆ 10, ಕನ್ಸರ್ವೇಟಿವ್‌ಗೆ 9 ಸ್ಥಾನಗಳು ಬಂದಿವೆ. ಎಲ್ಲರಿಗಿಂತ ಹೆಚ್ಚು ಗೆದ್ದ ಪಕ್ಷ ವಿರೋಧದಲ್ಲಿ ಕುಳಿತಿದೆ. ಐದರಲ್ಲಿ ಒಂದು ಪಾಲು ಸದಸ್ಯರಷ್ಟೇ ಇರುವ ಪಕ್ಷ ನಗರವನ್ನು ನಡೆಸುತ್ತಿದೆ. ಇದು ಹೇಗೆ ಸಾಧ್ಯವಾಯಿತು, ಇದು ಈ ಊರಿನದೊಂದೇ ವಿಚಿತ್ರವೋ ಅಥವಾ ಇಲ್ಲಿನ ಪದ್ಧತಿಯೇ ಹೀಗೋ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು. ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೊನೆಗೆ ಕೇಳುತ್ತೇನೆ.

ಫೈಫ್ ನಿವಾಸಿ:

ನಿಮ್ಮ ಊರಿನದೊಂದೇ ವಿಚಿತ್ರವಲ್ಲ. ನಮ್ಮ ಫೈಫ್‌ನಲ್ಲಿ 75 ಸ್ಥಾನಗಳಿವೆ. ಎಸ್‌ಎನ್‌ಪಿ 34 ಗೆದ್ದಿತು. ಬಹುಮತಕ್ಕೆ ಬೇಕಾದದ್ದು 38. ಹೀಗಿದ್ದೂ ಆಡಳಿತ ಹಿಡಿದದ್ದು 20 ಸ್ಥಾನಗಳ ಲೇಬರ್. ಸ್ಟರ್ಲಿಂಗ್‌ನ ಲೆಕ್ಕ ಇನ್ನೂ ಸೊಗಸು: 23 ಸದಸ್ಯರ ಕೌನ್ಸಿಲ್‌ನಲ್ಲಿ ಎಸ್‌ಎನ್‌ಪಿಗೆ 8, ಕನ್ಸರ್ವೇಟಿವ್‌ಗೆ 7, ಲೇಬರ್‌ಗೆ 6. ಆಡಳಿತ ಹೋದದ್ದು ಆ ಆರು ಮಂದಿಯ ಕೈಗೆ.

ಕ್ಲೈಡ್ ದಂಡೆಯವಳು:

ಗ್ಲಾಸ್ಗೋದಲ್ಲಿ ಇಪ್ಪತ್ತು ವರ್ಷಗಳಿಂದ ಇರುವವಳಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಇಡೀ ಸ್ಕಾಟ್ಲೆಂಡಿನ ಚಿತ್ರ. 1996ರಿಂದ ಇಲ್ಲಿರುವುದು 32 ಕೌನ್ಸಿಲ್‌ಗಳು. ಶಾಲೆ, ವೃದ್ಧರ ಆರೈಕೆ, ರಸ್ತೆ, ಕಸ, ಗ್ರಂಥಾಲಯ, ಕಟ್ಟಡ ಪರವಾನಗಿ ಎಲ್ಲವೂ ಇವುಗಳ ಕೆಳಗೇ ಬರುತ್ತವೆ. ಜಿಲ್ಲೆಗೊಂದು, ತಾಲ್ಲೂಕಿಗೊಂದು, ಪಟ್ಟಣಕ್ಕೊಂದು ಎಂಬ ಹಂತಗಳಿಲ್ಲ. 2022ರಲ್ಲಿ ಆಯ್ಕೆಯಾದ 1,226 ಕೌನ್ಸಿಲರ್‌ಗಳಲ್ಲಿ ಎಸ್‌ಎನ್‌ಪಿಯವರು 453, ಲೇಬರ್ 282, ಕನ್ಸರ್ವೇಟಿವ್ 214, ಲಿಬರಲ್ ಡೆಮಾಕ್ರಾಟರು 87, ಗ್ರೀನ್ 35. ಉಳಿದವರಲ್ಲಿ ಬಹುಪಾಲು ಪಕ್ಷೇತರರು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ, ಸ್ಕಾಟ್ಲೆಂಡಿನ ಮಾಜಿ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಲ್ಮಂಡ್ ಅವರ ನಾಯಕತ್ವದ ಆಲ್ಬಾ ಪಕ್ಷ ನೂರಕ್ಕೂ ಹೆಚ್ಚು ಜನರನ್ನು ನಿಲ್ಲಿಸಿ ಒಬ್ಬರನ್ನೂ ಗೆಲ್ಲಿಸಲಿಲ್ಲ. ಅದೇ ಹೊತ್ತಿನಲ್ಲಿ ಈಸ್ಟ್ ಏರ್‌ಷೈರ್‌ನಲ್ಲಿ ‘ರಬ್ಬಿಷ್ ಪಾರ್ಟಿ’ ಎಂಬ ಹೆಸರಿನ, ಹೆಸರಿಗೆ ತಕ್ಕಂತೆ ಕಸ ಮತ್ತು ಬೀದಿ ಸ್ವಚ್ಛತೆಯ ಮಾತಾಡುವ ಪುಟ್ಟ ಪಕ್ಷ ತನ್ನ ಒಂದು ಸ್ಥಾನವನ್ನು ಉಳಿಸಿಕೊಂಡಿತು.

ಈ 32ರಲ್ಲಿ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದದ್ದು ಎರಡೇ ಕಡೆ. ಡಂಡಿಯಲ್ಲಿ 29ಕ್ಕೆ 15 ಗೆದ್ದು ಎಸ್‌ಎನ್‌ಪಿ, ವೆಸ್ಟ್ ಡನ್‌ಬಾರ್ಟನ್‌ಷೈರ್‌ನಲ್ಲಿ 22ಕ್ಕೆ 12 ಗೆದ್ದು ಲೇಬರ್. ಆರ್ಕ್ನಿ, ಶೆಟ್ಲೆಂಡ್ ಮತ್ತು ಪಶ್ಚಿಮ ದ್ವೀಪಗಳಲ್ಲಿ ಪಕ್ಷೇತರರೇ ಹೆಚ್ಚು. ಅಲ್ಲಿ ಪಕ್ಷದ ಚಿಹ್ನೆಗಿಂತ ಯಾವ ದೋಣಿಗಟ್ಟೆಯ ಕಡೆಯವರು ಎಂಬುದು ಮುಖ್ಯ. ಮಿಕ್ಕ 27 ಕೌನ್ಸಿಲ್‌ಗಳೂ ಅತಂತ್ರವೇ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು: ಅತಂತ್ರವಾಗುವುದೇ ಇಲ್ಲಿನ ನಿಯಮವಾಗಿರುವಾಗ, ಆಡಳಿತ ಯಾರಿಗೆ ಎಂಬುದನ್ನು ಯಾರು, ಯಾವಾಗ ತೀರ್ಮಾನಿಸುತ್ತಾರೆ? ಅದು ಮತಗಟ್ಟೆಯಲ್ಲಿ ತೀರ್ಮಾನವಾಗುವುದಿಲ್ಲ. ಫಲಿತಾಂಶ ಬಂದ ಎರಡು ಮೂರು ವಾರಗಳ ಮಾತುಕತೆಯಲ್ಲಿ, ಕೊನೆಗೆ ಕೌನ್ಸಿಲ್‌ನ ಮೊದಲ ಸಭೆಯಲ್ಲಿ ಕೈ ಎತ್ತಿದಾಗ ತೀರ್ಮಾನವಾಗುತ್ತದೆ.

ಎಡಿನ್‌ಬರ್ಗ್‌ನಲ್ಲಿ ಆದದ್ದೂ ಇದೇ. ಬಹುಮತಕ್ಕೆ 32 ಬೇಕು. ಎಸ್‌ಎನ್‌ಪಿ ಮತ್ತು ಗ್ರೀನ್ ಕೂಡಿದರೆ 29. ಲೇಬರ್, ಲಿಬರಲ್ ಡೆಮಾಕ್ರಾಟರು, ಕನ್ಸರ್ವೇಟಿವ್ ಒಟ್ಟಾದರೆ 34. ಹಿಂದಿನ ಐದು ವರ್ಷ ಎಸ್‌ಎನ್‌ಪಿ ಮತ್ತು ಲೇಬರ್ ಜೊತೆಯಾಗಿಯೇ ಆಡಳಿತ ನಡೆಸಿದ್ದವು. ಆದರೆ ಲೇಬರ್ ಪಕ್ಷದ ಸ್ಕಾಟಿಷ್ ನಾಯಕ ಅನಸ್ ಸರ್ವರ್ ಅವರು ಚುನಾವಣೆಗೆ ಮುಂಚೆಯೇ, ಎಸ್‌ಎನ್‌ಪಿ ಜೊತೆಗಾಗಲಿ ಕನ್ಸರ್ವೇಟಿವ್ ಜೊತೆಗಾಗಲಿ ವಿಧಿವತ್ತಾದ ಮೈತ್ರಿ ಬೇಡ ಎಂದು ಗೆರೆ ಎಳೆದುಬಿಟ್ಟಿದ್ದರು. ಹೀಗಾಗಿ ಲೇಬರ್ ಮೈತ್ರಿ ಮಾಡಿಕೊಳ್ಳಲಿಲ್ಲ. ಒಂಟಿಯಾಗಿ ಅಲ್ಪಮತದ ಆಡಳಿತ ರಚಿಸಿತು, ಉಳಿದೆರಡು ಪಕ್ಷಗಳು ಅದರ ಪರ ಕೈ ಎತ್ತಿದವು. ಲೇಬರ್‌ನ ಕ್ಯಾಮಿ ಡೇ ಕೌನ್ಸಿಲ್ ನಾಯಕರಾದರು. ಮೇಯರ್ ಎಂದು ನಾವು ಕರೆಯಬಹುದಾದ ಲಾರ್ಡ್ ಪ್ರೊವೋಸ್ಟ್ ಗೌರವ ಲಿಬರಲ್ ಡೆಮಾಕ್ರಾಟ್ ಪಕ್ಷದ ರಾಬರ್ಟ್ ಆಲ್‌ಡ್ರಿಜ್ ಅವರಿಗೆ ಸಂದಿತು. ಕನ್ಸರ್ವೇಟಿವ್ ಬೆಂಬಲ ಪಡೆಯುವುದನ್ನು ಒಪ್ಪದ ಇಬ್ಬರು ಲೇಬರ್ ಕೌನ್ಸಿಲರ್‌ಗಳು ಆ ದಿನ ಪಕ್ಷದ ಪರ ಮತ ಹಾಕದೆ ಅಮಾನತಿಗೊಳಗಾದರು.

ಅಬರ್ಡೀನ್ ಎಂಜಿನಿಯರ್:

ಅಮಾನತಿನ ಮಾತು ಬಂದದ್ದರಿಂದ ನಮ್ಮೂರಿನ ಕಥೆಯನ್ನೂ ಸೇರಿಸುತ್ತೇನೆ. 2017ರಲ್ಲಿ ಅಬರ್ಡೀನ್‌ನಲ್ಲಿ ಎಸ್‌ಎನ್‌ಪಿ 45ಕ್ಕೆ 19 ಗೆದ್ದು ಮೊದಲ ಸ್ಥಾನದಲ್ಲಿತ್ತು. ಅಲ್ಲಿನ ಒಂಬತ್ತು ಲೇಬರ್ ಕೌನ್ಸಿಲರ್‌ಗಳು ಪಕ್ಷದ ಮಾತು ಕೇಳದೆ ಕನ್ಸರ್ವೇಟಿವ್ ಮತ್ತು ಪಕ್ಷೇತರರ ಜೊತೆ ಮೈತ್ರಿ ಮಾಡಿಕೊಂಡರು, ಒಂಬತ್ತೂ ಜನರನ್ನು ಲೇಬರ್ ಪಕ್ಷ ಅಮಾನತು ಮಾಡಿತು. ಅವರು ಅಮಾನತಿನಲ್ಲಿದ್ದುಕೊಂಡೇ ಆಡಳಿತ ನಡೆಸಿದರು! ಎಡಿನ್‌ಬರ್ಗ್‌ನಲ್ಲಿ ಕನ್ಸರ್ವೇಟಿವ್ ಸಹವಾಸ ಬೇಡವೆಂದವರಿಗೆ ಅಮಾನತು, ಅಬರ್ಡೀನ್‌ನಲ್ಲಿ ಬೇಕೆಂದವರಿಗೆ ಅಮಾನತು. 2022ರಲ್ಲಿ ಎಸ್‌ಎನ್‌ಪಿಗೆ 20 ಬಂತು, ನಾಲ್ವರು ಲಿಬರಲ್ ಡೆಮಾಕ್ರಾಟರ ಜೊತೆ ಸೇರಿ 24ರ ಬಹುಮತದೊಂದಿಗೆ ಅಧಿಕಾರಕ್ಕೆ ಬಂದಿತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇದು ಜನಾದೇಶವನ್ನು ಹಿಂಬಾಗಿಲಿನಿಂದ ಕೊಂಡೊಯ್ಯುವ ಪದ್ಧತಿ. ಕನ್ಸರ್ವೇಟಿವ್ ಪಕ್ಷ ಎಡಿನ್‌ಬರ್ಗ್‌ನಲ್ಲಿ 18ರಿಂದ 9ಕ್ಕೆ ಇಳಿಯಿತು. ಆ ವರ್ಷ ಕೋವಿಡ್ ನಿರ್ಬಂಧದ ನಡುವೆ ಲಂಡನ್ನಿನ ಪ್ರಧಾನಿ ನಿವಾಸದಲ್ಲಿ ನಡೆದ ಪಾರ್ಟಿಗಳ ಹಗರಣದಿಂದ ಜನ ಎಷ್ಟು ಬೇಸತ್ತಿದ್ದರೆಂದರೆ, ಜನವರಿಯಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ರಾಜೀನಾಮೆ ಕೊಡಲಿ ಎಂದಿದ್ದ ಸ್ಕಾಟಿಷ್ ಕನ್ಸರ್ವೇಟಿವ್ ನಾಯಕ ಡಗ್ಲಸ್ ರಾಸ್ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಕಾರಣ ಕೊಟ್ಟು ಆ ಮಾತನ್ನು ಹಿಂತೆಗೆದುಕೊಂಡದ್ದೂ ಪಕ್ಷದ ಕೈ ಹಿಡಿಯಲಿಲ್ಲ. ಇಡೀ ಸ್ಕಾಟ್ಲೆಂಡಿನಲ್ಲಿ ಅರವತ್ತಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡು ಮೂರನೆಯ ಸ್ಥಾನಕ್ಕೆ ಬಿತ್ತು. ಹೀಗೆ ಜನ ಶಿಕ್ಷಿಸಿದ ಪಕ್ಷವೇ ರಾಜಧಾನಿಯನ್ನು ಯಾರು ಆಳಬೇಕೆಂದು ನಿರ್ಧರಿಸುವುದಾದರೆ, ಜನ ಮತ ಹಾಕಿದ್ದೇಕೆ?

ಧಾರವಾಡದ ಮೇಷ್ಟ್ರು:

ದೂರದಲ್ಲಿ ಕುಳಿತು ಓದುತ್ತಿರುವ ನಿವೃತ್ತ ಉಪಾಧ್ಯಾಯನ ಒಂದು ಮಾತು. ನಮಗೆ ಇದು ಹೊಸತೇನಲ್ಲ. 2018ರಲ್ಲಿ 104 ಸ್ಥಾನ ಗೆದ್ದ ಪಕ್ಷ ವಿಧಾನಸಭೆಯಲ್ಲಿ ವಿರೋಧಕ್ಕೆ ಕುಳಿತು, 37 ಸ್ಥಾನದ ಪಕ್ಷದವರು ಮುಖ್ಯಮಂತ್ರಿಯಾದದ್ದನ್ನು ನಾವೇ ಕಂಡಿದ್ದೇವೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಶಾಸಕರನ್ನು ರೆಸಾರ್ಟಿಗೆ ಬಸ್ಸಿನಲ್ಲಿ ಒಯ್ಯುತ್ತಾರೆ. ಅಲ್ಲಿ ಹಾಗೇನೂ ಇಲ್ಲವೆಂದು ಭಾವಿಸುತ್ತೇನೆ.

ನಾನು ಕೇಳಬೇಕೆಂದಿರುವುದು ಬೇರೆ. ಅಲ್ಲಿ ಮತಪತ್ರದ ಮೇಲೆ 1, 2, 3 ಎಂದು ಅಂಕಿ ಬರೆಯುತ್ತಾರಂತೆ. ನಮ್ಮ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ನಾನು ದಶಕಗಳಿಂದ ಬರೆಯುತ್ತಾ ಬಂದಿರುವ ಪ್ರಾಶಸ್ತ್ಯ ಮತವೇ ಇದೋ ಅಥವಾ ಬೇರೆಯೋ?

ಲೆಕ್ಕಿಗ:

ಮೇಷ್ಟ್ರೇ, ಬೇರು ಒಂದೇ, ಕೊಂಬೆ ಬೇರೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಒಮ್ಮೆಗೆ ಆರಿಸುವುದು ಒಬ್ಬರನ್ನು; ಆದ್ದರಿಂದ ಗೆಲ್ಲಲು ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಸ್ಕಾಟ್ಲೆಂಡಿನ ವಾರ್ಡ್‌ಗಳಲ್ಲಿ ಹೆಚ್ಚಿನವು ಮೂರು ಅಥವಾ ನಾಲ್ಕು ಸದಸ್ಯರವು. (ಅರಾನ್ ದ್ವೀಪಕ್ಕೆ ಮಾತ್ರ 2022ರಿಂದ ಒಬ್ಬರೇ ಸದಸ್ಯರು, ದ್ವೀಪಗಳಿಗಾಗಿ 2018ರಲ್ಲಿ ಬಂದ ಕಾನೂನು ಅದಕ್ಕೆ ಅವಕಾಶ ಮಾಡಿಕೊಟ್ಟಿತು.) ಹಾಗಾಗಿ ಇದನ್ನು ಹೋಲಿಸಬೇಕಾದರೆ ರಾಜ್ಯಸಭೆಗೆ ಶಾಸಕರು ಹಾಕುವ ಮತದೊಡನೆ ಹೋಲಿಸುವುದು ಹೆಚ್ಚು ಸರಿ.

ಒಂದು ಕಾಲ್ಪನಿಕ ವಾರ್ಡ್ ತೆಗೆದುಕೊಳ್ಳೋಣ. ನಾಲ್ಕು ಸ್ಥಾನ, ಸಿಂಧುವಾದ ಮತ 8,000. ಸ್ಥಾನಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಅಂದರೆ ಐದರಿಂದ ಭಾಗಿಸಿ, ಬಂದ 1,600ಕ್ಕೆ ಮತ್ತೆ ಒಂದನ್ನು ಕೂಡಿಸಿದರೆ 1,601. ಇದು ಕೋಟಾ. ಕೋಟಾ ಮುಟ್ಟಿದವರು ಗೆದ್ದರು. ಒಬ್ಬ ಅಭ್ಯರ್ಥಿಗೆ 2,001 ಮೊದಲ ಪ್ರಾಶಸ್ತ್ಯದ ಮತ ಬಂದಿದ್ದರೆ ಅವರಿಗೆ ಬೇಕಾದದ್ದಕ್ಕಿಂತ 400 ಹೆಚ್ಚಾಯಿತು. ಆ 400ನ್ನು ವ್ಯರ್ಥ ಮಾಡುವಂತಿಲ್ಲ. ಹಾಗೆಂದು ಯಾವ 400 ಮತಪತ್ರಗಳನ್ನು ತೆಗೆಯುವುದು? ಸ್ಕಾಟ್ಲೆಂಡಿನಲ್ಲಿ ಯಾವುದನ್ನೂ ತೆಗೆಯುವುದಿಲ್ಲ. 2,001 ಮತಪತ್ರಗಳೂ ತಲಾ 0.19990ರ ಬೆಲೆಯಲ್ಲಿ ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತವೆ. ಅವರಲ್ಲಿ 1,200 ಜನ ಎರಡನೆಯ ಅಂಕಿಯನ್ನು ಅದೇ ಪಕ್ಷದ ಇನ್ನೊಬ್ಬರಿಗೆ ಬರೆದಿದ್ದರೆ ಆ ಇನ್ನೊಬ್ಬರಿಗೆ 239.88 ಮತ ಸಿಕ್ಕಂತಾಯಿತು. ಯಾರೂ ಕೋಟಾ ಮುಟ್ಟದ ಸುತ್ತಿನಲ್ಲಿ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಹಂಚುತ್ತಾರೆ. ನಾಲ್ವರು ಗೆಲ್ಲುವವರೆಗೆ ಇದೇ ನಡೆಯುತ್ತದೆ. ರಾಜ್ಯಸಭೆಯ ಎಣಿಕೆಯಲ್ಲಿ ಪ್ರತಿ ಮತಕ್ಕೆ 100 ಎಂದು ಬೆಲೆ ಕಟ್ಟುವುದೂ ಈ ದಶಮಾಂಶದ ಕಾಟ ತಪ್ಪಿಸಲಿಕ್ಕೇ.

ಈಗ ಅಬರ್ಡೀನ್‌ನವರ ಆಕ್ಷೇಪಕ್ಕೆ ಬರುತ್ತೇನೆ. ನಾಲ್ಕು ಸದಸ್ಯರ ವಾರ್ಡಿನಲ್ಲಿ ಐದನೇ ಒಂದು ಪಾಲು, ಮೂರು ಸದಸ್ಯರ ವಾರ್ಡಿನಲ್ಲಿ ಕಾಲು ಪಾಲು ಮತದಿಂದ ಒಬ್ಬರು ಗೆಲ್ಲುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಶೇ 34ರಷ್ಟು ಪಡೆದ ಎಸ್‌ಎನ್‌ಪಿಗೆ ಶೇ 37ರಷ್ಟು ಸ್ಥಾನ ಬಂತು. ಶೇ 22ರ ಹತ್ತಿರವಿದ್ದ ಲೇಬರ್‌ಗೆ ಶೇ 23. ಇಂಥ ಹಂಚಿಕೆಯಲ್ಲಿ ಒಂದೇ ಪಕ್ಷ ಅರ್ಧ ದಾಟಬೇಕಾದರೆ ಮತದಲ್ಲೂ ಅರ್ಧದ ಹತ್ತಿರ ಬರಬೇಕು. ಬರದವರು ಜನಾದೇಶ ತಮಗೇ ಸಿಕ್ಕಿದೆ ಎನ್ನಲು ಆಧಾರವಾದರೂ ಏನು? ಎಡಿನ್‌ಬರ್ಗ್‌ನ 19 ಎಂಬುದು 63ರಲ್ಲಿ ಮೂರನೇ ಒಂದಕ್ಕೂ ಕಡಿಮೆ. ಸಾಲಿನಲ್ಲಿ ಮೊದಲು ನಿಂತವರೇ ಹೊರತು ಗುಂಪಿನಲ್ಲಿ ಹೆಚ್ಚಿನವರಲ್ಲ.

ಅಬರ್ಡೀನ್ ಎಂಜಿನಿಯರ್:

ಲೆಕ್ಕ ಒಪ್ಪಿದೆ. ಆದರೆ ಗ್ರೀನ್ ಪಕ್ಷಕ್ಕೆ ಶೇ 6ರಷ್ಟು ಮೊದಲ ಪ್ರಾಶಸ್ತ್ಯ ಬಂದರೂ ಸ್ಥಾನ ಬಂದದ್ದು 35, ಅಂದರೆ ಶೇ 3ಕ್ಕೂ ಕಡಿಮೆ. ಪ್ರಮಾಣಾನುಸಾರ ಪ್ರಾತಿನಿಧ್ಯ ಎಂದು ಹೊಗಳುವವರು ಇದಕ್ಕೆ ಏನೆನ್ನುತ್ತಾರೆ?

ಲೆಕ್ಕಿಗ:

ವಾರ್ಡ್ ಚಿಕ್ಕದಾದಷ್ಟೂ ಚಿಕ್ಕ ಪಕ್ಷಕ್ಕೆ ಕಷ್ಟ ಎನ್ನುತ್ತಾರೆ, ಮತ್ತು ಅದು ನಿಜ. ನಾಲ್ಕು ಸ್ಥಾನದ ವಾರ್ಡಿನಲ್ಲಿ ಶೇ 6 ಇಟ್ಟುಕೊಂಡು ಶೇ 20ರ ಗೆರೆ ಮುಟ್ಟಲಾಗದು. ಅವರ ಮತ ಒಂದೇ ಕಡೆ ದಟ್ಟವಾಗಿರುವ ಗ್ಲಾಸ್ಗೋ, ಎಡಿನ್‌ಬರ್ಗ್‌ಗಳಲ್ಲಿ ತಲಾ 10 ಬಂದಿವೆ, ಅಂದರೆ ಒಟ್ಟು 35ರಲ್ಲಿ 20 ಎರಡೇ ನಗರಗಳಿಂದ. ಆ ದೋಷವನ್ನು ನಾನು ಮುಚ್ಚಿಡುವುದಿಲ್ಲ.

ಕ್ಲೈಡ್ ದಂಡೆಯವಳು:

ಈ ಪದ್ಧತಿಯನ್ನು ಬೈಯುವ ಮುನ್ನ ಇದಕ್ಕೂ ಹಿಂದೆ ಏನಿತ್ತು ಎಂದು ನೋಡಬೇಕು. 2003ರಲ್ಲಿ, ವಾರ್ಡಿಗೊಬ್ಬರು, ಹೆಚ್ಚು ಮತ ಪಡೆದವರೇ ಗೆಲ್ಲುವ ಹಳೆಯ ಪದ್ಧತಿಯಲ್ಲಿ, ಗ್ಲಾಸ್ಗೋದ 79 ಸ್ಥಾನಗಳಲ್ಲಿ 71ನ್ನು ಲೇಬರ್ ಗೆದ್ದಿತ್ತು. ಅದಕ್ಕೆ ಬಂದಿದ್ದ ಮತ ಅರ್ಧಕ್ಕಿಂತಲೂ ತುಸು ಕಡಿಮೆ. ಉಳಿದ ಅರ್ಧಕ್ಕಿಂತ ಹೆಚ್ಚು ಜನರ ದನಿಯಾಗಿ ಸಭಾಂಗಣದಲ್ಲಿದ್ದವರು ಎಂಟು ಮಂದಿ. ಎಂಟು ಮಂದಿ ಏನು ಪ್ರಶ್ನೆ ಕೇಳಿಯಾರು, ಕೇಳಿದರೂ ಯಾರು ಉತ್ತರ ಕೊಟ್ಟಾರು? ಅದೇ ವರ್ಷ ಸ್ಕಾಟಿಷ್ ಸಂಸತ್ತಿನಲ್ಲಿ ಲೇಬರ್ ಜೊತೆ ಮೈತ್ರಿ ಮುಂದುವರಿಸಲು ಲಿಬರಲ್ ಡೆಮಾಕ್ರಾಟರು ಇಟ್ಟ ಷರತ್ತು ಇದು: ಕೌನ್ಸಿಲ್ ಚುನಾವಣೆಗೆ ಪ್ರಾಶಸ್ತ್ಯ ಮತ ತರಬೇಕು. ಲೇಬರ್‌ನ ಸ್ಥಳೀಯ ಮುಖಂಡರು ಹಲ್ಲು ಕಡಿದರು, ಆದರೂ 2004ರಲ್ಲಿ ಕಾಯ್ದೆ ಬಂತು. 2007ರ ಮೊದಲ ಚುನಾವಣೆಯಲ್ಲೇ ಗ್ಲಾಸ್ಗೋದಲ್ಲಿ ಲೇಬರ್ 71ರಿಂದ 45ಕ್ಕೆ ಇಳಿಯಿತು, ಎಸ್‌ಎನ್‌ಪಿ 22ಕ್ಕೆ ಏರಿತು. ಅಂದರೆ ಲೇಬರ್ ತನ್ನ ಕೈಯಾರೆ ತನ್ನ ಕೋಟೆಯ ಬಾಗಿಲು ತೆಗೆದುಕೊಟ್ಟಿತು. ಹತ್ತು ವರ್ಷ ಕಳೆದು 2017ರಲ್ಲಿ ಎಸ್‌ಎನ್‌ಪಿ ಆ ಬಾಗಿಲಿನಿಂದ ಒಳಗೆ ಬಂತು.

2022ರಲ್ಲಿ ಇಲ್ಲಿ ಆದದ್ದು ಕೂದಲೆಳೆಯ ಅಂತರ: 85 ಸ್ಥಾನಗಳಲ್ಲಿ ಎಸ್‌ಎನ್‌ಪಿ 37, ಲೇಬರ್ 36, ಗ್ರೀನ್ 10, ಕನ್ಸರ್ವೇಟಿವ್ 2. ಐದು ವರ್ಷದ ಹಿಂದೆ ಕನ್ಸರ್ವೇಟಿವ್‌ಗೆ 8 ಇದ್ದವು. ಗ್ರೀನ್ ಜೊತೆಗಿನ ಒಪ್ಪಂದದಿಂದ ಎಸ್‌ಎನ್‌ಪಿಯ ಸೂಸನ್ ಏಟ್ಕನ್ ನಾಯಕಿಯಾಗಿ ಮುಂದುವರಿದರು.

ಆ ಎಣಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಳತಿಯೊಬ್ಬರು ಅಭ್ಯರ್ಥಿಯಾಗಿದ್ದರಿಂದ ಅವರ ಎಣಿಕೆ ಏಜೆಂಟಾಗಿ ಎಮಿರೇಟ್ಸ್ ಕ್ರೀಡಾಂಗಣಕ್ಕೆ ಹೋಗಿದ್ದೆ. ರಾತ್ರಿ ಎಣಿಸುವುದಿಲ್ಲ, ಮರುದಿನ ಶುಕ್ರವಾರ ಬೆಳಿಗ್ಗೆ ಶುರು. ಮತಪತ್ರಗಳ ಕಟ್ಟುಗಳನ್ನು ಮೇಜಿನ ಮೇಲೆ ಸುರಿದು ಎಣಿಸುವ ದೃಶ್ಯವನ್ನು ನಿರೀಕ್ಷಿಸಿ ಹೋಗಿದ್ದವಳಿಗೆ ಕಂಡದ್ದು ಸ್ಕ್ಯಾನರ್‌ಗಳ ಸಾಲು. ಅವು ಮತಪತ್ರವನ್ನು ನುಂಗಿ ಉಗುಳುತ್ತಿದ್ದವು. ಯಂತ್ರಕ್ಕೆ ಅನುಮಾನ ಬಂದ ಮತಪತ್ರ ಮಾತ್ರ ಪರದೆಯ ಮೇಲೆ ಮೂಡುತ್ತಿತ್ತು, ಅಧಿಕಾರಿ ಅದನ್ನು ನೋಡಿ ತೀರ್ಪು ಕೊಡುತ್ತಿದ್ದರು, ನಾವು ಕುತ್ತಿಗೆ ಚಾಚಿ ನಿಂತಿರುತ್ತಿದ್ದೆವು. ಒಬ್ಬರು 7ನ್ನು ಯೂರೋಪಿನವರಂತೆ ನಡುವೆ ಗೆರೆ ಎಳೆದು ಬರೆದಿದ್ದರು. ಇನ್ನೊಬ್ಬರು ಮೂವರ ಮುಂದೆ ಮೂರು ಗುಣಿಸು ಗುರುತು ಹಾಕಿದ್ದರು. ಮೊದಲನೆಯವರು ಯಾರೆಂದು ತಿಳಿಯದ್ದರಿಂದ ಅದು ಅಸಿಂಧುವಾಯಿತು. ಒಂದೇ ಒಂದು ಗುಣಿಸು ಗುರುತಿದ್ದರೆ ಅದನ್ನು 1 ಎಂದೇ ತೆಗೆದುಕೊಳ್ಳುತ್ತಾರೆ. ಕೊನೆಯ ಸ್ಥಾನಕ್ಕೆ ಬಂದಾಗ ಪರದೆಯಲ್ಲಿ ಸುತ್ತಿನ ಮೇಲೆ ಸುತ್ತು, ದಶಮಾಂಶಗಳೊಡನೆ. ಮತ ವರ್ಗಾವಣೆಯಾದಂತೆಲ್ಲ ಹಿಂದಿದ್ದವರು ಮುಂದಾಗುವುದನ್ನು ನೋಡುವಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಧಾರವಾಡದ ಮೇಷ್ಟ್ರು:

ಒಂದು ಗುಣಿಸು ಗುರುತನ್ನು 1 ಎಂದು ಒಪ್ಪುತ್ತಾರೆಯೇ! ನಮ್ಮಲ್ಲಾದರೆ ಆ ಮತ ಅಲ್ಲಿಗೇ ಮುಗಿಯಿತು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ ಅಂಕಿ ಬರೆಯಬೇಕು, ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ, ಸಹಿ ಹಾಕುವಂತಿಲ್ಲ. ಪದವೀಧರರ ಮತವೇ ಅಸಿಂಧುವಾಗುತ್ತದೆಂದು ಪತ್ರಿಕೆಗಳು ಪ್ರತಿ ಸಲ ನಗುತ್ತವೆ.

ಕ್ಲೈಡ್ ದಂಡೆಯವಳು:

ಇಲ್ಲಿ ದಾರ ಕಟ್ಟಿದ ಪೆನ್ಸಿಲ್ ಇಟ್ಟಿರುತ್ತಾರೆ ಸರ್. ಆದರೂ ಗೊಂದಲ ಆಗದೆ ಇಲ್ಲ. 2007ರಲ್ಲಿ ಸ್ಕಾಟಿಷ್ ಸಂಸತ್ತಿನ ಚುನಾವಣೆಯನ್ನೂ ಕೌನ್ಸಿಲ್ ಚುನಾವಣೆಯನ್ನೂ ಒಂದೇ ದಿನ ಇಟ್ಟರು: ಅದಕ್ಕೆ ಗುಣಿಸು ಗುರುತು, ಇದಕ್ಕೆ ಅಂಕಿ. ಒಂದು ಲಕ್ಷಕ್ಕೂ ಹೆಚ್ಚು ಮತಪತ್ರಗಳು ತಿರಸ್ಕೃತವಾದವು, ಅವುಗಳಲ್ಲಿ ಹೆಚ್ಚಿನವು ಸಂಸತ್ತಿನವೇ. ಆ ಅವಾಂತರದ ನಂತರವೇ ಎರಡನ್ನೂ ಬೇರೆ ಬೇರೆ ವರ್ಷಕ್ಕೆ ಸರಿಸಿ, 2011ಕ್ಕೆ ಬರಬೇಕಿದ್ದ ಕೌನ್ಸಿಲ್ ಚುನಾವಣೆಯನ್ನು 2012ಕ್ಕೆ ಇಟ್ಟದ್ದು. ಅದರ ಬೆಲೆಯನ್ನೂ ತೆತ್ತೆವು: ಸಂಸತ್ತಿನ ಚುನಾವಣೆಯ ಬಿಸಿ ಇಲ್ಲದ್ದರಿಂದ ಮತದಾನದ ಪ್ರಮಾಣ 2012ರಲ್ಲಿ ಶೇ 40ರ ಆಸುಪಾಸಿಗೆ ಕುಸಿಯಿತು, 2022ರಲ್ಲೂ ಶೇ 45ಕ್ಕಿಂತ ಮೇಲೇರಲಿಲ್ಲ.

ಫೈಫ್ ನಿವಾಸಿ:

ಮತಪತ್ರದ ಮಾತಿನಲ್ಲಿ ಒಂದು ಕುತೂಹಲದ ಸಂಗತಿಯನ್ನು ಯಾರೂ ಹೇಳಲಿಲ್ಲ. ಅಭ್ಯರ್ಥಿಗಳ ಹೆಸರು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿರುತ್ತದೆ. ಪಕ್ಷವೊಂದು ಒಂದೇ ವಾರ್ಡಿನಲ್ಲಿ ಇಬ್ಬರನ್ನು ನಿಲ್ಲಿಸಿದಾಗ, ಪಕ್ಷ ನೋಡಿ ಮತ ಹಾಕುವವರು ಮೇಲಿನಿಂದ ಕೆಳಗೆ ಓದುತ್ತಾ ಮೊದಲು ಸಿಕ್ಕವರಿಗೆ 1, ಆಮೇಲೆ ಸಿಕ್ಕವರಿಗೆ 2 ಬರೆದುಬಿಡುತ್ತಾರೆ. ಇದರಿಂದ ಒಂದೇ ಪಕ್ಷದ ಇಬ್ಬರಲ್ಲಿ ಆಂಡರ್ಸನ್ ಗೆದ್ದು ವಿಲ್ಸನ್ ಮನೆಗೆ ಹೋಗುವುದು ಪದೇ ಪದೇ ಆಗುತ್ತದೆ. ಪಕ್ಷಗಳು ಬೀದಿ ಬೀದಿಯನ್ನು ಹಂಚಿಕೊಂಡು ‘ಈ ಬೀದಿಯವರು ಕೆಳಗಿನವರಿಗೆ 1 ಬರೆಯಿರಿ’ ಎಂದು ಕರಪತ್ರ ಹಂಚುವುದು ಇದಕ್ಕೇ. ಎಷ್ಟು ಜನರನ್ನು ನಿಲ್ಲಿಸಬೇಕೆಂಬುದೂ ಜೂಜೇ: ಮೂವರನ್ನು ನಿಲ್ಲಿಸಿ ಮತ ಹರಿದುಹೋಗಿ ಗೆಲ್ಲಬಹುದಾಗಿದ್ದವರೂ ಸೋಲುವ ಅಪಾಯ ಒಂದು ಕಡೆ, ಇಬ್ಬರನ್ನೇ ನಿಲ್ಲಿಸಿ ಕೈಗೆ ಬರಬಹುದಾಗಿದ್ದ ಮೂರನೆಯ ಸ್ಥಾನ ಬಿಟ್ಟುಕೊಡುವ ಅಪಾಯ ಇನ್ನೊಂದು ಕಡೆ.

ಅಬರ್ಡೀನ್ ಎಂಜಿನಿಯರ್:

ಇನ್ನೂ ಒಂದು ಕೊರತೆ ಇದೆ. ಮರೇ ಪ್ರದೇಶದ ಬಕಿ ವಾರ್ಡಿನಲ್ಲಿ 2022ರಲ್ಲಿ ಮೂರು ಸ್ಥಾನಕ್ಕೆ ಮೂವರೇ ನಾಮಪತ್ರ ಹಾಕಿದ್ದರಿಂದ ಮತದಾನವೇ ನಡೆಯಲಿಲ್ಲ, ಮೂವರೂ ಅವಿರೋಧವಾಗಿ ಆಯ್ಕೆಯಾದರು. ಬಕಿ ಎಲ್ಲೋ ಮೂಲೆಯ ದ್ವೀಪವಲ್ಲ, ಮೀನುಗಾರರ ದೊಡ್ಡ ಊರು. ಇಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿಯೂ ಇಲ್ಲ. ಆದರೂ ಜನ ಮುಂದೆ ಬರುತ್ತಿಲ್ಲ.

ಫೈಫ್ ನಿವಾಸಿ:

ಕೌನ್ಸಿಲರ್‌ಗೆ ಆ ವರ್ಷ ಸಿಗುತ್ತಿದ್ದ ಮೂಲ ವೇತನ ವರ್ಷಕ್ಕೆ ಇಪ್ಪತ್ತು ಸಾವಿರ ಪೌಂಡಿಗೂ ಕಡಿಮೆ. ಸಂಸಾರವಂದಿಗರು ಯಾರು ಬಂದಾರು?

ಮಾರ್ಚ್‌ಮಂಟ್ ಬಾಡಿಗೆದಾರ:

ಇಷ್ಟು ವಿವರಕ್ಕೆ ಎಲ್ಲರಿಗೂ ಕೃತಜ್ಞ. ನನಗೆ ಅರ್ಥವಾದದ್ದು ಇಷ್ಟು: ಮತದಾರರು ಕೌನ್ಸಿಲರ್‌ಗಳನ್ನು ಆರಿಸುತ್ತಾರೆ, ಆಡಳಿತವನ್ನು ಕೌನ್ಸಿಲರ್‌ಗಳು ಆರಿಸುತ್ತಾರೆ. ಹಾಗಿದ್ದರೆ ಪ್ರತಿ ನಿರ್ಣಯಕ್ಕೂ ಇತರರ ಕೈಕಾಲು ಹಿಡಿಯಬೇಕಾದ 13 ಮಂದಿಯ ಆಡಳಿತದಿಂದ ಕೆಲಸವಾದರೂ ಆಗುತ್ತದೆಯೇ?

ಕ್ಲೈಡ್ ದಂಡೆಯವಳು:

ಆಗುತ್ತದೆ, ನಿಧಾನವಾಗಿ. ಪ್ರವಾಸಿಗರು ತಂಗುವ ಕೋಣೆಯ ಬಾಡಿಗೆಯ ಮೇಲೆ ಶೇ 5ರಷ್ಟು ತೆರಿಗೆ ಹಾಕುವ ನಿರ್ಣಯವನ್ನು ಎಡಿನ್‌ಬರ್ಗ್ ಕೌನ್ಸಿಲ್ 2025ರ ಜನವರಿಯಲ್ಲಿ ಅಂಗೀಕರಿಸಿತು; ಜಾರಿಗೆ ಗೊತ್ತುಮಾಡಿದ ದಿನ 2026ರ ಜುಲೈ 24. ಹಾಗೆ ಮಾಡಲು ಮೊದಲು ಸ್ಕಾಟಿಷ್ ಸಂಸತ್ತು 2024ರಲ್ಲಿ ಕಾಯ್ದೆ ತರಬೇಕಾಯಿತು. ನಡುವೆ 2024ರ ಡಿಸೆಂಬರ್‌ನಲ್ಲಿ ಕ್ಯಾಮಿ ಡೇ ರಾಜೀನಾಮೆ ಕೊಟ್ಟರೂ ಲೇಬರ್‌ನವರೇ ಮತ್ತೆ ನಾಯಕರಾದರು, ಕೂಡಿಸು ಕಳೆಯುವ ಲೆಕ್ಕ ಬದಲಾಗಲಿಲ್ಲ.

ಎಲ್ಲೆಡೆ ಹೀಗೆ ಉಳಿದಿಲ್ಲ. ನಾರ್ತ್ ಲ್ಯಾನಾರ್ಕ್‌ಷೈರ್‌ನಲ್ಲಿ 77ಕ್ಕೆ 36 ಗೆದ್ದು ಎಸ್‌ಎನ್‌ಪಿ ಹಿಡಿದಿದ್ದ ಆಡಳಿತ ಅದೇ ವರ್ಷದ ಆಗಸ್ಟ್‌ನಲ್ಲಿ ಉರುಳಿ ಲೇಬರ್ ಕೈಗೆ ಹೋಯಿತು, ಚುನಾವಣೆ ಮುಗಿದು ನಾಲ್ಕು ತಿಂಗಳೂ ಆಗಿರಲಿಲ್ಲ.

ಇನ್ನೊಂದನ್ನು ನೆನಪಿಡಿ: ಎಷ್ಟೋ ವಿಷಯಗಳು ಯಾವ ಪಕ್ಷ ಗೆದ್ದರೂ ಕೌನ್ಸಿಲ್‌ನ ಕೈಯಲ್ಲೇ ಇರುವುದಿಲ್ಲ. 2022ರ ಆಗಸ್ಟ್‌ನಲ್ಲಿ, ಹೊಸ ಆಡಳಿತ ಬಂದು ಮೂರು ತಿಂಗಳಾಗಿತ್ತಷ್ಟೆ, ಎಡಿನ್‌ಬರ್ಗ್‌ನ ಕಸ ಸಾಗಿಸುವ ನೌಕರರು ಉತ್ಸವದ ನಟ್ಟನಡುವೆ ಮುಷ್ಕರ ಹೂಡಿದರು. ಜಗತ್ತಿನ ನಾಟಕ ಪ್ರಿಯರೆಲ್ಲ ನೆರೆದಿದ್ದಾಗ ಗ್ರಾಸ್‌ಮಾರ್ಕೆಟ್‌ನ ಕಲ್ಲುಹಾಸಿನ ಮೇಲೆ ಪಿಜ್ಜಾ ಡಬ್ಬಿಗಳೂ ಕಾಫಿ ಲೋಟಗಳೂ ತೊಟ್ಟಿಯ ಸುತ್ತ ಮೊಣಕಾಲೆತ್ತರ ಬಿದ್ದಿದ್ದವು. ಸಂಬಳ ಎಷ್ಟು ಏರಬೇಕೆಂದು ಚೌಕಾಸಿ ನಡೆಯುತ್ತಿದ್ದದ್ದು ಕೌನ್ಸಿಲ್‌ಗಳ ಒಕ್ಕೂಟವಾದ ಕೊಸ್ಲಾ ಮತ್ತು ಕಾರ್ಮಿಕ ಸಂಘಗಳ ನಡುವೆ, ಹಣ ಬರಬೇಕಿದ್ದದ್ದು ಸ್ಕಾಟಿಷ್ ಸರ್ಕಾರದಿಂದ. ಮೂಗು ಮುಚ್ಚಿಕೊಂಡು ನಡೆಯುತ್ತಿದ್ದ ಜನ ಬೈದದ್ದು ಮಾತ್ರ ತಮ್ಮ ವಾರ್ಡಿನ ಕೌನ್ಸಿಲರನ್ನು.

ಅಬರ್ಡೀನ್ ಎಂಜಿನಿಯರ್:

ನನ್ನ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. 79ರಲ್ಲಿ 71ರ ಕಥೆ ನನಗೆ ಗೊತ್ತಿರಲಿಲ್ಲ, ಅದಕ್ಕಿಂತ ಇದು ವಾಸಿ. ಉಳಿದರ್ಧ ಹಾಗೇ ಇರಲಿ: ಯಾರ ಜೊತೆ ಹೋಗುತ್ತೇವೆಂದು ಪಕ್ಷಗಳು ಮತದಾನಕ್ಕೆ ಮುನ್ನವೇ ಹೇಳಬೇಕು. ಯಾರ ಜೊತೆ ಹೋಗುವುದಿಲ್ಲವೆಂದು ಸರ್ವರ್ ಹೇಳಿದರು, ಸರಿ. ಯಾರ ಬೆಂಬಲದಿಂದ ಗದ್ದುಗೆ ಏರುತ್ತೇವೆಂದು ಹೇಳಲಿಲ್ಲ. ಬಾಯಲ್ಲಿ ಮೈತ್ರಿ ಇಲ್ಲ, ಸಭೆಯಲ್ಲಿ ಕೈ ಎತ್ತಿದರೆ ಬೇಡವೆನ್ನುವುದಿಲ್ಲ ಎಂಬುದು ನನಗೆ ಇವತ್ತಿಗೂ ಒಪ್ಪಿಗೆಯಾಗದು.

ಲೆಕ್ಕಿಗ:

ಇದನ್ನು ನಾನೂ ಒಪ್ಪುತ್ತೇನೆ. ಮತದಾರ ಬರೆದ 2 ಮತ್ತು 3ರ ಅಂಕಿಗಳನ್ನೇ ನೋಡಿದರೆ ಯಾವ ಪಕ್ಷದವರು ಯಾವ ಪಕ್ಷವನ್ನು ಸಹಿಸುತ್ತಾರೆಂಬುದು ತಿಳಿಯುತ್ತದೆ. ಪ್ರತಿ ವಾರ್ಡಿನ ಸುತ್ತುವಾರು ವಿವರವನ್ನು ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ಮಾತುಕತೆಗೆ ಕೂರುವ ಮುಖಂಡರು ಆ ಹಾಳೆಯನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬಹುದಿತ್ತು.

ಮಾರ್ಚ್‌ಮಂಟ್ ಬಾಡಿಗೆದಾರ:

ಕೊನೆಗೆ ಕೇಳುತ್ತೇನೆಂದಿದ್ದ ಪ್ರಶ್ನೆ. ಮುಂದಿನ ಕೌನ್ಸಿಲ್ ಚುನಾವಣೆ 2027ರ ಮೇ 6ಕ್ಕೆ ಇದೆಯಂತೆ. ಭಾರತದ ಪಾಸ್‌ಪೋರ್ಟ್, ವಿದ್ಯಾರ್ಥಿ ವೀಸಾ ಇರುವ ನನಗೆ ಮತ ಹಾಕುವ ಹಕ್ಕಿದೆಯೇ?

ಕ್ಲೈಡ್ ದಂಡೆಯವಳು:

ಖಂಡಿತ ಇದೆ. ಕಾಮನ್‌ವೆಲ್ತ್ ದೇಶದವರಾಗಿ, ಇಲ್ಲಿ ಕಾನೂನುಬದ್ಧವಾಗಿ ಇರುವವರಾಗಿ ಭಾರತೀಯರಿಗೆ ಮೊದಲಿನಿಂದಲೂ ಇದೆ, ವಿದ್ಯಾರ್ಥಿಯಾದರೂ ಸರಿ, ಕೆಲಸದ ವೀಸಾದಲ್ಲಿದ್ದರೂ ಸರಿ. ಕಾನೂನುಬದ್ಧವಾಗಿ ಇರುವ ಎಲ್ಲ ವಿದೇಶಿಯರಿಗೂ ಸ್ಕಾಟ್ಲೆಂಡ್ 2020ರ ಕಾಯ್ದೆಯಲ್ಲಿ ಈ ಹಕ್ಕನ್ನು ಚಾಚಿತು. ವಯಸ್ಸು ಹದಿನಾರಾದರೆ ಸಾಕು. ಕೌನ್ಸಿಲ್ ಚುನಾವಣೆಗೆ ಫೋಟೊ ಇರುವ ಗುರುತಿನ ಚೀಟಿಯೂ ಬೇಡ. ಅದು ಲಂಡನ್ ಸಂಸತ್ತಿನ ಚುನಾವಣೆಗೆ ಮಾತ್ರ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅದಕ್ಕೆ ನೀವೇ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ.

ಮಾರ್ಚ್‌ಮಂಟ್ ಬಾಡಿಗೆದಾರ:

ಈಗಷ್ಟೇ ಹಾಕಿದೆ. ಐದು ನಿಮಿಷವಲ್ಲ, ಅರ್ಧ ಗಂಟೆ ಹಿಡಿಯಿತು. ನಮ್ಮದು ಹಳೆಯ ಕಲ್ಲುಕಟ್ಟಡದ ಎರಡನೆಯ ಮಹಡಿ. ಬಾಗಿಲ ಮೇಲೆ ‘2ಎಫ್1’ ಎಂದಿದೆ, ಬಾಡಿಗೆ ಕರಾರಿನಲ್ಲಿ ‘ಫ್ಲಾಟ್ 4’ ಎಂದಿದೆ, ಅರ್ಜಿಯ ಪಟ್ಟಿಯಲ್ಲಿ ಎರಡೂ ಇವೆ. ಜೊತೆಯ ಹುಡುಗನನ್ನು ಕೇಳಿದರೆ, ಹೋದ ಸಲ ತಾನು ಯಾವುದನ್ನು ಆರಿಸಿದೆನೋ ನೆನಪಿಲ್ಲ, ಮತ ಹಾಕಲು ಹೋಗಲಿಲ್ಲ ಎಂದ. 2ಎಫ್1 ಎಂದೇ ಕೊಟ್ಟಿದ್ದೇನೆ.